ಅತ್ತೆಯವರ ಹತ್ತು ನಿಮಿಷ

ಆ ಬೂದು ಪೆಟ್ಟಿಗೆ ನನ್ನನ್ನು ಮೊದಲ ಸಲ ಅವಮಾನಿಸಿದ್ದು ಒಂದು ಮಂಗಳವಾರ ಬೆಳಿಗ್ಗೆ. ಆಫೀಸಿಗೆ ಬಂದು, ಲ್ಯಾಪ್‌ಟಾಪಿನ ಮುಚ್ಚಳ ತೆರೆದು, ತಂತಿ ಸಿಕ್ಕಿಸಿ, ಸರ್ವರಿನಲ್ಲಿದ್ದ 'ಕ್ಲೇಮ್ಸ್' ಫೋಲ್ಡರಿನ ಮೇಲೆ ಎರಡು ಸಲ ಒತ್ತಿದೆ. ಫೋಲ್ಡರ್ ತೆರೆಯುವ ಬದಲು ಪರದೆಯ ನಡುವೆ ಒಂದು ಪೆಟ್ಟಿಗೆ ಮೂಡಿ ಇಂಗ್ಲಿಷಿನಲ್ಲಿ ಹೇಳಿತು: ಇದನ್ನು ತೆರೆಯಲಾಗುತ್ತಿಲ್ಲ, ಇದನ್ನು ಬಳಸಲು ನಿಮಗೆ ಅನುಮತಿ ಇಲ್ಲದಿರಬಹುದು. ಕೆಳಗೆ ಇನ್ನೂ ಏನೇನೋ ಬರೆದಿತ್ತು. ಅಷ್ಟು ಓದುವ ತಾಳ್ಮೆ ನನಗೆಲ್ಲಿಂದ ಬರಬೇಕು? ನನಗೆ ಅನುಮತಿ ಇಲ್ಲವಂತೆ! ಆ ಫೋಲ್ಡರಿನಲ್ಲಿರುವ ಮುಕ್ಕಾಲು ಪಾಲು ಕಡತಗಳನ್ನು ಬರೆದವಳೇ ನಾನು. ಕಾರಿಗೆ ಲಾರಿ ಗುದ್ದಿದ್ದು, ಸ್ಕೂಟರಿಗೆ ಎಮ್ಮೆ ಅಡ್ಡ ಬಂದದ್ದು, ನಿಂತಿದ್ದ ವ್ಯಾನಿನ ಮೇಲೆ ತೆಂಗಿನಕಾಯಿ ಬಿದ್ದದ್ದು, ದಕ್ಷಿಣ ಮದ್ರಾಸಿನಲ್ಲಿ ನಮ್ಮ ಕಂಪನಿಯ ಪಾಲಿಗೆ ಬರುವ ಅಷ್ಟೂ ಅಪಘಾತಗಳು ನನ್ನ ಮೇಜು ದಾಟಿಯೇ ಮುಂದೆ ಹೋಗಬೇಕು. ನಾನು ಓಕೆ ಎಂಬ ಗುಂಡಿಯನ್ನು ಬೇಕೆಂದೇ ಜೋರಾಗಿ ಒತ್ತಿ ಪೆಟ್ಟಿಗೆಯನ್ನು ಓಡಿಸಿದೆ.

ಲ್ಯಾಪ್‌ಟಾಪ್ ಎಂದರೆ ಇನ್ನೂ ಮರ್ಯಾದೆಯಿದ್ದ ಕಾಲ ಅದು, ಎರಡು ಸಾವಿರದ ಐದು. ಅಡ್ಯಾರಿನ ನಮ್ಮ ಇನ್ಶೂರೆನ್ಸ್ ಶಾಖೆಗೆ ಹೆಡ್ಡಾಫೀಸಿನವರು ಒಂದೇ ಒಂದನ್ನು ಕಳಿಸಿದ್ದರು. ಮ್ಯಾನೇಜರ್ ವಿಷ್ಣುತೀರ್ಥರು ಅದನ್ನು ತಾವಿಟ್ಟುಕೊಳ್ಳದೆ ನನಗೆ ಕೊಟ್ಟರು. ಉದಾರ ಬುದ್ಧಿಯೇನಲ್ಲ, ಅದರ ಗುಂಡಿಗಳು ತೀರ ಒತ್ತೊತ್ತಾಗಿವೆ, ಒಂದು ಒತ್ತಿದರೆ ಎರಡು ಬೀಳುತ್ತವೆ ಎಂಬುದು ಅವರ ದೂರು. ಆದರೂ ನಾನು ಮನಸ್ಸಿನಲ್ಲೇ ಅವರಿಗೆ ಅಡ್ಡಬಿದ್ದೆ. ಏಕೆಂದರೆ ಅದು ಬರುವ ತನಕ ನಾನು ಆಫೀಸು ಬಿಡುವ ಹೊತ್ತಿಗೆ ಊರಿಗೆಲ್ಲ ದೀಪ ಹತ್ತಿ ಎಷ್ಟೋ ಹೊತ್ತಾಗಿರುತ್ತಿತ್ತು. ಅಡ್ಯಾರಿನಿಂದ ಪೆರಂಬೂರಿನವರೆಗೆ 29ಸಿ ಬಸ್ಸಿನಲ್ಲಿ ನಿಂತೇ ಬಂದು ಮನೆ ಸೇರಿದರೆ ಕೃತಿ ನಿದ್ದೆ ಹೋಗಿರುತ್ತಿದ್ದಳು. ಕೃತಿ ನನ್ನ ಮಗಳು, ಆಗ ಒಂದನೇ ಕ್ಲಾಸು. ಕೆಲಸದ ದಿನಗಳಲ್ಲಿ ಅವಳು ಎಚ್ಚರವಾಗಿರುವುದನ್ನು ನಾನು ನೋಡುತ್ತಿದ್ದದ್ದು ಬೆಳಗಿನ ಗಡಿಬಿಡಿಯಲ್ಲಿ, ಅದೂ ಜಡೆ ಹೆಣೆಯುವಾಗ ಬೆನ್ನ ಕಡೆಯಿಂದ.

ಲ್ಯಾಪ್‌ಟಾಪ್ ಬಂದ ಮೇಲೆ ಉಳಿದ ಕೆಲಸವನ್ನು ಹೆಗಲಿಗೇರಿಸಿಕೊಂಡು ಮನೆಗೆ ತರಬಹುದಾಯಿತು. ಸಂಜೆ ಐದೂವರೆಗೆ ಆಫೀಸು ಬಿಟ್ಟರೆ ಏಳರ ಒಳಗೆ ಮನೆ. "ಚಿಕ್ಕ ಮುಳ್ಳು ಏಳಕ್ಕೆ ಬರೋಷ್ಟರಲ್ಲಿ ಅಮ್ಮ ಬಂದಿರ್ತೀನಿ" ಎಂದು ಕೃತಿಗೆ ಮಾತು ಕೊಟ್ಟಿದ್ದೆ. ಶಾಲೆಯಲ್ಲಿ ಅವಳಿಗೆ ಆಗ ತಾನೇ ಗಡಿಯಾರ ನೋಡುವುದನ್ನು ಕಲಿಸುತ್ತಿದ್ದರು. ಕೊಟ್ಟ ಮಾತನ್ನು ಉಳಿಸಿಕೊಂಡೂ ಇದ್ದೆ. ಆದರೂ ಆ ಹುಡುಗಿ ದಿನಾ ಬಾಗಿಲಲ್ಲಿ ನಿಂತು "ಅಮ್ಮಾ ಲೇಟ್" ಎಂದು ಮುಖ ಊದಿಸುತ್ತಿದ್ದಳು. ಎಷ್ಟು ಬೇಗ ಬಂದರೂ ಮಕ್ಕಳಿಗೆ ಸಾಲದು ಎಂದುಕೊಂಡು ನಾನು ನಕ್ಕು ಒಳಗೆ ಹೋಗುತ್ತಿದ್ದೆ.

ಈಗ ಈ ಸರ್ವರು ಬಾಗಿಲು ಹಾಕಿಕೊಂಡು ಕೂತರೆ? ಮನೆಯಲ್ಲಿ ಮಾಡಿದ ಕೆಲಸವನ್ನು ಬೆಳಿಗ್ಗೆ ಆ ಫೋಲ್ಡರಿಗೆ ಹಾಕಲೇಬೇಕು. ಅದಾಗದಿದ್ದರೆ ಮನೆಗೆ ಒಯ್ದು ಮಾಡಿದ್ದೆಲ್ಲ ದಂಡ.

ತಿರುಮಲನನ್ನು ಕೂಗಿದೆ. ತಿರುಮಲ ನಮ್ಮ ಶಾಖೆಯ ಕಂಪ್ಯೂಟರ್ ಉಸ್ತುವಾರಿ, ಕೃಷ್ಣಗಿರಿಯ ಕಡೆಯವನು. ವಿಷ್ಣುತೀರ್ಥರು ಕನ್ನಡ ಬಲ್ಲವರು ಕಂಡರೆ ಬಿಡದೆ ಕೆಲಸಕ್ಕೆ ಸೇರಿಸಿಕೊಳ್ಳುತ್ತಿದ್ದರು, ಹಾಗಾಗಿ ಅವನೂ ನಮ್ಮಲ್ಲಿದ್ದ. ನಮ್ಮ ಜೊತೆ ಕನ್ನಡ, ಫೋನಿನಲ್ಲಿ ತಮಿಳು, ಯಂತ್ರಗಳ ಜೊತೆ ಮೂರನೆಯದೊಂದು ಭಾಷೆ. ಅದನ್ನು ಇಲ್ಲಿ ಬರೆಯುವ ಹಾಗಿಲ್ಲ.

"ಏನಂತೆ ಮೇಡಂ?"

"ನನಗೆ ಅನುಮತಿ ಇಲ್ಲವಂತೆ."

"ಅದು ಸುಮ್ಮಾ ಹಾಗೆ ಹೇಳತ್ತೆ. ಎಲ್ಲರಿಗೂ ಹೇಳತ್ತೆ." ಪೆಟ್ಟಿಗೆ ಮತ್ತೆ ಮೂಡಿದ್ದೇ ತಡ, ಸೊಳ್ಳೆ ಹೊಡೆಯುವ ವೇಗದಲ್ಲಿ ಅವನೇ ಓಕೆ ಒತ್ತಿದ. "ನೋಡಿ, ಮೇಲ್ ಬರ್ತಾ ಇದೆ, ಇಂಟರ್ನೆಟ್ ಬರ್ತಾ ಇದೆ. ಬೇರೆಯವರ ಕಂಪ್ಯೂಟರ್‌ನಲ್ಲಿ ಇದೇ ಫೋಲ್ಡರ್ ತೆರೀತಾ ಇದೆ. ನಿಮ್ಮದಕ್ಕೆ ಮಾತ್ರ ಫೋಲ್ಡರೂ ಇಲ್ಲ, ಪ್ರಿಂಟರೂ ಇಲ್ಲ. ಅಂದ್ರೆ ಕೇಬಲ್."

"ಕೇಬಲ್ ಕೆಟ್ಟಿದ್ರೆ ಮೇಲ್ ಹೇಗೆ ಬರತ್ತೆ?"

ಅವನು ಕೇಬಲ್ ಬದಲಾಯಿಸಿದ. ಆಗಲಿಲ್ಲ. ಇನ್ನೊಂದು ಹಾಕಿದ. ಅದೂ ಆಗಲಿಲ್ಲ. ಬೆಳಗೆಲ್ಲ ಮೇಜಿನ ಕೆಳಗೆ ತೆವಳಾಡಿ, ಕೊನೆಗೆ ಮೊದಲಿನ ಕೇಬಲನ್ನೇ ತಿರುಗಿ ಹಾಕಿದ ಮೇಲೆ ಫೋಲ್ಡರ್ ಸದ್ದಿಲ್ಲದೆ ತೆರೆದುಕೊಂಡಿತು. ತಿರುಮಲ ಮೊಣಕಾಲಿನ ದೂಳು ಕೊಡವಿಕೊಂಡು ಎದ್ದು, ಊರು ಗೆದ್ದವನ ಹಾಗೆ ಟೀ ಕುಡಿಯಲು ಹೋದ.

ಬುಧವಾರ ಬೆಳಿಗ್ಗೆ ಮತ್ತೆ ಅದೇ ಪೆಟ್ಟಿಗೆ, ಅದೇ ಅನುಮತಿ. ಈ ಸಲ ತಿರುಮಲ ನನ್ನ ಪಾಸ್‌ವರ್ಡ್ ಬದಲಾಯಿಸಿದ. ಒಂದು ಗಂಟೆ ಕಳೆದ ಮೇಲೆ ಬಾಗಿಲು ತೆರೆಯಿತು. ಗುರುವಾರ ವೈರಸ್ ಹುಡುಕಿದ, ಸಿಗಲಿಲ್ಲ, ಆದರೂ ಬಾಗಿಲು ತೆರೆಯಿತು. ಶುಕ್ರವಾರ ಅವನು ರಜೆ. ಆಫೀಸಿನಲ್ಲಿ ಟೀ ಕೊಡುತ್ತಿದ್ದ ಹೊಸೂರಿನ ಸಣ್ಣಮ್ಮ ನನ್ನ ಮುಖ ನೋಡಿ, "ಒಂಟಿ ಪೆಟ್ಟಿಗೆ ಬಂದೈತೆ, ಎಲ್ಲಾರ ಕಣ್ಣೂ ಅದ್ರ ಮ್ಯಾಲೇ ಅಲ್ವೇನಮ್ಮಾ" ಎಂದು, ಒಂದು ಹಿಡಿ ಉಪ್ಪು ಮೆಣಸಿನಕಾಯಿ ತಂದು ಲ್ಯಾಪ್‌ಟಾಪಿಗೆ ದೃಷ್ಟಿ ತೆಗೆದಳು. ಅವಳು ಅದನ್ನು ಹೊರಗೆ ಚೆಲ್ಲಿ ಬರುವಷ್ಟರಲ್ಲಿ ಫೋಲ್ಡರ್ ತೆರೆದಿತ್ತು. ಅಂದಿನಿಂದ ಅವಳು ತಿರುಮಲನಿಗೆ ಟೀ ಕೊಡುವಾಗ ಒಂಥರಾ ನಗುತ್ತಿದ್ದಳು. ಎಲ್ಲರ ಮದ್ದೂ ಫಲಿಸುತ್ತಿತ್ತು, ಯಾರ ಮದ್ದೂ ಮರುದಿನದ ತನಕ ಬಾಳುತ್ತಿರಲಿಲ್ಲ.

ಮುಂದಿನ ವಾರ ಒಂದು ಸಂಜೆ ಮಳೆ ಜೋರಾಗಿತ್ತೆಂದು ಲ್ಯಾಪ್‌ಟಾಪನ್ನು ಆಫೀಸಿನ ಬೀರುವಿನಲ್ಲೇ ಇಟ್ಟು ಹೋದೆ. ಮರುದಿನ ಬೆಳಿಗ್ಗೆ ಒತ್ತಿದ ಕೂಡಲೇ ಫೋಲ್ಡರ್ ತೆರೆಯಿತು. ಯಾವ ಮದ್ದೂ ಇಲ್ಲದೆ! ತಿರುಮಲ ಗಲ್ಲ ಕೆರೆದುಕೊಂಡ.

"ತಪ್ಪು ತಿಳ್ಕೋಬೇಡಿ ಮೇಡಂ. ನಿಮ್ಮ ಮನೇಲಿ ಏನೋ ಇದೆ."

"ನಮ್ಮ ಮನೇಲಿ ಏನಿರತ್ತೆ? ದೆವ್ವಾನಾ?"

"ಅದಲ್ಲ ಮೇಡಂ. ಇಲ್ಲಿದ್ರೆ ಚೆನ್ನಾಗಿರತ್ತೆ, ಮನೆಗೆ ಹೋಗಿ ಬಂದ್ರೆ ಕೆಡತ್ತೆ. ಮಗು ಏನಾದ್ರೂ ಆಡತ್ತಾ?"

ನನಗೆ ಮೈಯೆಲ್ಲ ಉರಿಯಿತು. ಆದರೂ ಆ ಸಂಜೆ ಅತ್ತೆಯನ್ನು ಕೇಳಿದೆ, ಕೃತಿ ಲ್ಯಾಪ್‌ಟಾಪನ್ನು ಏನಾದರೂ ಮಾಡುತ್ತಾಳಾ ಎಂದು. "ಅಯ್ಯೋ, ಅವಳನ್ನ ಅದರ ಪಕ್ಕಕ್ಕೇ ಬಿಡೋದಿಲ್ಲ ನಾನು. ನೀನು ಅವಳನ್ನ ಮಲಗಿಸಕ್ಕೆ ಹೋದಾಗ ನಾನೇ ಕಾವಲು" ಎಂದರು ಅತ್ತೆ. ಅದು ನೂರಕ್ಕೆ ನೂರು ನಿಜ. ಊಟವಾದ ಮೇಲೆ ನಾನು ಕೃತಿಯನ್ನು ಮಲಗಿಸಿ ಬರುವ ತನಕ ಲ್ಯಾಪ್‌ಟಾಪ್ ಊಟದ ಮೇಜಿನ ಮೇಲೆ ತೆರೆದೇ ಇರುತ್ತಿತ್ತು, ಅತ್ತೆ ಅದರ ಮುಂದೆ ಕೂತು ಮರುದಿನದ ಹುರುಳಿಕಾಯಿ ಹೆಚ್ಚುತ್ತಿದ್ದರು. ನನ್ನ ಗಂಡ ಅನಿಕೇತ್ ಆ ತಿಂಗಳೆಲ್ಲ ಬ್ಯಾಂಕಿನ ತಪಾಸಣೆಗೆಂದು ಮಧುರೈ ಕಡೆ ಇದ್ದರು. ಮಾವನವರಂತೂ ಲ್ಯಾಪ್‌ಟಾಪನ್ನು ಅಷ್ಟು ದೂರದಿಂದಲೇ ನೋಡಿ ಆಚೆ ಹೋಗುತ್ತಿದ್ದರು. ಇನ್ನು ಅನುಮಾನ ಪಡುವುದು ಯಾರನ್ನು?

ಸೋಮವಾರ ವಿಷ್ಣುತೀರ್ಥರು ನನ್ನನ್ನು ಒಳಗೆ ಕರೆದರು. ಅವರು ಒಳ್ಳೆಯವರು, ಆದರೆ ರಾಹುಕಾಲದಲ್ಲಿ ಹೊಸ ಪೆನ್ನಿನ ಮುಚ್ಚಳವನ್ನೂ ತೆಗೆಯದ ಜಾತಿ.

"ನೋಡಮ್ಮ ವಿಭಾ, ತಿಂಗಳ ಸ್ಟೇಟ್‌ಮೆಂಟು ಈ ಶುಕ್ರವಾರ ರಾಹುಕಾಲಕ್ಕೆ ಮುಂಚೆ ಸರ್ವರ್‌ನಲ್ಲಿ ಇರಬೇಕು. ಅವತ್ತೂ ಈ ಲ್ಯಾಪ್‌ಟಾಪು ಹೀಗೇ ಹಠ ಮಾಡಿದ್ರೆ ನಾನು ಅದನ್ನ ಮೈಲಾಪುರದ ಬ್ರಾಂಚಿಗೆ ಕಳಿಸಿಬಿಡ್ತೀನಿ. ಅಲ್ಲಿ ಗೋದಾಬಾಯಿ ದಿನಾ ಫೋನ್ ಮಾಡಿ ಕೇಳ್ತಾ ಇದಾಳೆ. ನೀನು ಮೊದಲಿನ ಹಾಗೆ ಇಲ್ಲೇ ಕೂತು ಮುಗಿಸ್ಕೊಂಡು ಹೋಗು. ಏನು, ಒಂದೆರಡು ಗಂಟೆ ಹೆಚ್ಚು ಅಷ್ಟೇ ತಾನೇ?"

ಒಂದೆರಡು ಗಂಟೆ ಅಷ್ಟೇ! ನನ್ನ ಮಗಳ ಎಚ್ಚರವೆಲ್ಲ ಆ ಒಂದೆರಡು ಗಂಟೆಯಲ್ಲೇ ಇತ್ತು. "ಸರಿ ಸಾರ್" ಎಂದು ಹೊರಗೆ ಬಂದೆ. ಬಂದವಳು ತಿರುಮಲನ ಮೇಲೆ ಹರಿಹಾಯ್ದೆ.

ಶುಕ್ರವಾರ ಬಂತು. ಹಿಂದಿನ ದಿನ ಮನೆಯಲ್ಲಿ ಕೂತು ಸ್ಟೇಟ್‌ಮೆಂಟ್ ಮುಗಿಸಿದ್ದೆ. ಆಫೀಸಿನಲ್ಲೇ ಬಿಟ್ಟು ಹೋದರೆ ಲ್ಯಾಪ್‌ಟಾಪ್ ಸರಿಯಿರುತ್ತದೆಂದು ಗೊತ್ತಿತ್ತು, ಆದರೆ ಮನೆಗೆ ಒಯ್ಯಲಾಗದ ಲ್ಯಾಪ್‌ಟಾಪ್ ನನಗೇಕೆ? ದೇವರ ಮೇಲೆ ಭಾರ ಹಾಕಿ ಫೋಲ್ಡರ್ ಒತ್ತಿದೆ. ಅನುಮತಿ ಇಲ್ಲ. ತಿರುಮಲ ಮೇಜಿನ ಕೆಳಗೆ ಇಳಿದ. ವಿಷ್ಣುತೀರ್ಥರು ಐದು ನಿಮಿಷಕ್ಕೊಮ್ಮೆ ಬಾಗಿಲಿನಿಂದ ಇಣುಕಿ "ಆಯ್ತಾ? ಆಯ್ತಾ?" ಎನ್ನುತ್ತಿದ್ದರು. ಕೊನೆಗೆ ತಾಳಲಾರದೆ ನನ್ನ ಕುರ್ಚಿಯ ಹಿಂದೆಯೇ ಬಂದು ನಿಂತರು. ಬಗ್ಗಿ ಪರದೆಯ ಮೂಲೆ ನೋಡಿದವರು ಬಿಸಿ ಪಾತ್ರೆ ಮುಟ್ಟಿದವರಂತೆ ಹಿಂದೆ ಸರಿದರು.

"ಅಯ್ಯಯ್ಯೋ! ಹತ್ತೂವರೆ ದಾಟಿಹೋಯ್ತು! ರಾಹುಕಾಲ ಬಂದೇಬಿಡ್ತು! ನಿಲ್ಲಿಸು, ನಿಲ್ಲಿಸು, ಏನೂ ಮುಟ್ಟಬೇಡ."

ಮೇಜಿನ ಕೆಳಗಿನಿಂದ ತಿರುಮಲನ ತಲೆ ಹೊರಗೆ ಬಂತು. ಅವನು ಗೋಡೆಯ ಗಡಿಯಾರ ನೋಡಿದ. "ಎಲ್ಲಿ ಸಾರ್? ಇನ್ನೂ ಟೈಮ್ ಇದೆ. ಹತ್ತು ಇಪ್ಪತ್ಮೂರು."

"ಗೋಡೆ ಗಡಿಯಾರಾನ ನಂಬ್ತೀಯೇನೋ? ಕಂಪ್ಯೂಟರ್ ಸುಳ್ಳು ಹೇಳತ್ತಾ?"

"ಗಡಿಯಾರ ಸರಿಯಾಗೇ ಇದೆ ಸಾರ್. ನಾನೇ ಸೆಲ್ ಹಾಕಿದ್ದು."

ಇಬ್ಬರೂ ರಾಹುಕಾಲ ಶುರುವಾಗಿದೆಯೇ ಇಲ್ಲವೇ ಎಂದು ಜಗಳಕ್ಕೆ ನಿಂತರು. ನಾನು ನನ್ನ ಮೊಬೈಲ್ ತೆಗೆದು ನೋಡಿದೆ. ಗೋಡೆ ಹೇಳಿದ್ದೇ ಮೊಬೈಲೂ ಹೇಳುತ್ತಿತ್ತು. ಲ್ಯಾಪ್‌ಟಾಪಿನ ಮೂಲೆಯಲ್ಲಿ ಹತ್ತು ಮೂವತ್ಮೂರು. ಸರಿಯಾಗಿ ಹತ್ತು ನಿಮಿಷ ಮುಂದೆ. ಒಂಬತ್ತಲ್ಲ, ಹನ್ನೊಂದಲ್ಲ. ಈ ಹತ್ತು ನಿಮಿಷ ಯಾರ ಮನೆಯದು ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ಇಲ್ಲಿ ನಮ್ಮ ಮನೆಯ ಒಂದು ಪದ್ಧತಿಯನ್ನು ಹೇಳಬೇಕು. ನಮ್ಮ ಅತ್ತೆ ತುಂಗಾಬಾಯಿಯವರ ರಾಜ್ಯದಲ್ಲಿ ಪ್ರತಿಯೊಂದು ಗಡಿಯಾರವೂ ಹತ್ತು ನಿಮಿಷ ಮುಂದಿರುತ್ತದೆ. ಮಾವ ಪಂಢರಿನಾಥರು ರೈಲು ಬೋಗಿ ಕಟ್ಟುವ ಕಾರ್ಖಾನೆಯಲ್ಲಿದ್ದವರು. ಮದುವೆಯಾದ ಹೊಸದರಲ್ಲಿ ದಿನಾ ಗೇಟು ಮುಚ್ಚುವ ಹೊತ್ತಿಗೆ ಓಡಿ ಹೋಗಿ ನಿಲ್ಲುತ್ತಿದ್ದರಂತೆ, ವಾರಕ್ಕೊಮ್ಮೆ ಗೇಟಿನ ಹೊರಗೇ ಉಳಿಯುತ್ತಿದ್ದರಂತೆ. ಅತ್ತೆ ಒಂದು ದಿನ ಯಾರಿಗೂ ಹೇಳದೆ ನಡುಮನೆಯ ಲೋಲಕದ ಗಡಿಯಾರವನ್ನು ಹತ್ತು ನಿಮಿಷ ಮುಂದಕ್ಕೆ ತಳ್ಳಿದರು. ಮಾವ ಅಲ್ಲಿಂದಾಚೆ ಒಂದು ದಿನವೂ ತಡವಾಗಲಿಲ್ಲ. ಗುಟ್ಟು ಗೊತ್ತಾದ ಮೇಲೂ ಗಡಿಯಾರ ಹಾಗೇ ಉಳಿಯಿತು. ಮಾವ ರಿಟೈರಾದ ಮೇಲೂ ಉಳಿಯಿತು. ನಾನು ಸೊಸೆಯಾಗಿ ಬಂದ ದಿನವೇ ಮನಸ್ಸಿನಲ್ಲಿ ಹತ್ತು ಕಳೆಯುವುದನ್ನು ಕಲಿತೆ. ಕ್ರಮೇಣ ಮನೆಯಲ್ಲಿ ಗಡಿಯಾರ ನೋಡುವುದನ್ನೇ ಬಿಟ್ಟು ಮೊಬೈಲನ್ನು ನಂಬಿದೆ. ಲ್ಯಾಪ್‌ಟಾಪಿನ ಮೂಲೆಯಲ್ಲಿ ಒಂದು ಗಡಿಯಾರವಿದೆ ಎಂಬುದೇ ನನಗೆ ಮರೆತುಹೋಗಿತ್ತು. ಅತ್ತೆಗೆ ಮರೆತಿರಲಿಲ್ಲ.

ನಾನು ಫೋಲ್ಡರನ್ನು ಮತ್ತೊಮ್ಮೆ ಒತ್ತಿದೆ. ಪೆಟ್ಟಿಗೆ ಮೂಡಿತು. ತಿರುಮಲನ ಕೈ ಅಭ್ಯಾಸಬಲದಿಂದ ಓಕೆಯ ಕಡೆ ಹೊರಟಿತು. ಆ ಕೈಯ ಮೇಲೆ ಒಂದು ಏಟು ಹಾಕಿ, ಎರಡೂವರೆ ವಾರದಲ್ಲಿ ಮೊದಲ ಸಲ ಕೊನೆಯ ಸಾಲಿನ ತನಕ ಓದಿದೆ. ಕೊನೆಯ ಸಾಲಿನಲ್ಲಿ ಸ್ಪಷ್ಟವಾಗಿ ಬರೆದಿತ್ತು: ನಿಮ್ಮ ಯಂತ್ರದ ಸಮಯಕ್ಕೂ ಸರ್ವರಿನ ಸಮಯಕ್ಕೂ ವ್ಯತ್ಯಾಸವಿದೆ. ದಿನಾ ಬೆಳಿಗ್ಗೆ ಬಂದು ಹೇಳಿದ್ದೇ ಹೇಳುತ್ತಿತ್ತು ಪಾಪ. ನಾವು ಮೊದಲ ಸಾಲಿಗೇ ಸಿಟ್ಟಾಗಿ ಅದರ ಬಾಯಿ ಮುಚ್ಚಿಸುತ್ತಿದ್ದೆವು.

ತಿರುಮಲ ಹಣೆ ಬಡಿದುಕೊಂಡ. "ಅಯ್ಯೋ ಮೇಡಂ! ಸರ್ವರ್‌ಗೂ ಲ್ಯಾಪ್‌ಟಾಪ್‌ಗೂ ಐದು ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸ ಇದ್ರೆ ಅದು ಒಳಗೆ ಬಿಡೋದಿಲ್ಲ. ಯಾರೋ ಕಳ್ಳ ಹಳೇ ಪಾಸು ಹಿಡ್ಕೊಂಡು ಬಂದಿದಾನೆ ಅಂತ ಅದಕ್ಕೆ ಅನುಮಾನ."

"ಮತ್ತೆ ದಿನಾ ಆಮೇಲೆ ತಾನಾಗೇ ತೆರೀತಿತ್ತಲ್ಲ?"

"ಸ್ವಲ್ಪ ಹೊತ್ತಾದ ಮೇಲೆ ಲ್ಯಾಪ್‌ಟಾಪು ಸರ್ವರನ್ನ ಕೇಳಿ ತನ್ನ ಗಡಿಯಾರ ತಾನೇ ಸರಿ ಮಾಡ್ಕೊಳ್ಳತ್ತೆ ಮೇಡಂ." ಅವನ ದನಿ ಸಣ್ಣದಾಯಿತು. ಕೇಬಲ್ಲು, ಪಾಸ್‌ವರ್ಡು, ವೈರಸ್ಸು ಎಲ್ಲದರ ಕೀರ್ತಿಯೂ ಆ ಒಂದು ಮಾತಿನಲ್ಲಿ ಮಣ್ಣುಪಾಲಾಗಿತ್ತು. ಹಿಂದೆ ಟೀ ತಟ್ಟೆ ಹಿಡಿದು ನಿಂತಿದ್ದ ಸಣ್ಣಮ್ಮ ಮಾತ್ರ ತನ್ನ ಉಪ್ಪು ಮೆಣಸಿನಕಾಯಿಯನ್ನು ಬಿಟ್ಟುಕೊಡುವ ಹಾಗೆ ಕಾಣಲಿಲ್ಲ.

ಸಮಯವನ್ನು ಹಿಂದಕ್ಕೆ ತಂದೆವು. ಲ್ಯಾಪ್‌ಟಾಪನ್ನು ಆರಿಸಿ ಹೊತ್ತಿಸಿದೆವು. ಫೋಲ್ಡರ್ ತೆರೆಯಿತು. ರಾಹುಕಾಲಕ್ಕೆ ಇನ್ನೂ ಒಂದು ನಿಮಿಷ ಇದೆ ಎನ್ನುವಾಗ ಸ್ಟೇಟ್‌ಮೆಂಟ್ ಸರ್ವರ್ ಸೇರಿತು. ವಿಷ್ಣುತೀರ್ಥರು ಬೆವರೊರೆಸಿಕೊಂಡರು.

"ಸರಿ, ಆದ್ರೆ ಗಡಿಯಾರ ಹಾಳು ಮಾಡಿದ್ಯಾರು?"

ನಮ್ಮ ಅತ್ತೆ ಎಂದು ಹೇಗೆ ಹೇಳಲಿ? ನಾನು ಮನೆಯೊಳಗೆ ಅವರ ಜೊತೆ ಎಷ್ಟು ಬೇಕಾದರೂ ಜಗಳವಾಡಬಲ್ಲೆ, ಅಡ್ಯಾರಿನಲ್ಲಿ ಅವರನ್ನು ಬಿಟ್ಟುಕೊಡಲಾರೆ.

"ನಮ್ಮ ಮನೆ ವಾತಾವರಣ ಸಾರ್."

"ಸೋಮವಾರ ಮತ್ತೆ ಹೀಗಾದ್ರೆ ಮೈಲಾಪುರ. ನೆನಪಿರಲಿ."

ಯಾರೂ ಗಡಿಯಾರ ಮುಟ್ಟದ ಹಾಗೆ ಒಂದು ಬೀಗ ಹಾಕಿಕೊಡಲೇ ಎಂದು ತಿರುಮಲ ಕೇಳಿದ. ಬೇಡವೆಂದೆ. ಬೀಗ ಹಾಕಿದರೆ ನನಗೆ ಜಗಳವಾಡಲು ಏನು ಉಳಿಯುತ್ತದೆ? ಬಸ್ಸಿನುದ್ದಕ್ಕೂ ಮಾತು ಮಸೆಯುತ್ತಾ ಬಂದೆ. ನನ್ನ ಕೆಲಸಕ್ಕೇ ಕುತ್ತು ತಂದಿರಲ್ಲ ಎನ್ನಬೇಕು. ನಿಮ್ಮ ಅಡುಗೆಮನೆಗೆ ಬಂದು ನಾನು ಒಲೆ ತಿರುಗಿಸಿದರೆ ಹೇಗಿರುತ್ತದೆ ಎನ್ನಬೇಕು. ಪೆರಂಬೂರಿನಲ್ಲಿ ಇಳಿಯುವ ಹೊತ್ತಿಗೆ ಭಾಷಣ ಚೆನ್ನಾಗಿ ಹದಗೊಂಡಿತ್ತು.

ಬಾಗಿಲಲ್ಲಿ ಕೃತಿ ನಿಂತಿದ್ದಳು. ಕೈ ಕಟ್ಟಿಕೊಂಡು, "ಅಮ್ಮಾ, ಇನ್ನಿಕ್ಕುಂ ಲೇಟ್" ಎಂದಳು, ಇವತ್ತೂ ಲೇಟಂತೆ. ನಾವು ಮಾತಾಡುವ ಕನ್ನಡವೆಲ್ಲ ಅವಳಿಗೆ ಅರ್ಥವಾಗುತ್ತದೆ, ಉತ್ತರ ಬರುವುದು ಮಾತ್ರ ತಮಿಳಿನಲ್ಲಿ. ನಾನು ಅವಳ ತಲೆ ಸವರಿ ನೇರವಾಗಿ ಒಳಗೆ ಹೋಗಿ ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟೆ.

"ಅತ್ತೆ, ಇದರ ಗಡಿಯಾರ ನೀವು ಮುಟ್ಟಿದಿರಾ?"

ಅತ್ತೆ ಅಳುಕಲೇ ಇಲ್ಲ. ಸೆರಗಿಗೆ ಕೈ ಒರೆಸಿಕೊಂಡು ಎದುರಿಗೆ ಬಂದರು. "ಮತ್ತೆ? ನಾನಲ್ದೆ ಇನ್ಯಾರು ಮುಟ್ತಾರೆ? ಮೂಲೇಲಿ ಎರಡು ಸಲ ಒತ್ತಿದ್ರೆ ಒಳಗೆ ಒಂದು ಗುಂಡು ಗಡಿಯಾರ ಇದೆ, ನೀನು ಮೊದಲ ದಿನ ತಾರೀಖು ಇಡೋವಾಗ ನೋಡಿದ್ನಲ್ಲ. ಪ್ರತಿ ದಿನಾ ಸರಿಯಾಗಿ ಹತ್ತು ನಿಮಿಷ ಮುಂದಿಡ್ತೀನಿ, ಮಾರನೇ ದಿನ ನೋಡಿದ್ರೆ ಹಿಂದೆ ಬಿದ್ದಿರತ್ತೆ. ಅಷ್ಟು ದೊಡ್ಡ ಕಂಪನಿ, ಒಂದು ಒಳ್ಳೇ ಗಡಿಯಾರ ಇಡಕ್ಕಾಗಲ್ವಾ? ಶುದ್ಧ ವೇಸ್ಟು."

ಅಂದರೆ ಎರಡೂವರೆ ವಾರದಿಂದ ಸರ್ವರಿಗೂ ನಮ್ಮ ಅತ್ತೆಗೂ ಹಗ್ಗಜಗ್ಗಾಟ ನಡೆದಿತ್ತು. ಹಗಲು ಅದು ಹಿಂದಕ್ಕೆ ಎಳೆಯುವುದು, ಸಂಜೆ ಇವರು ಮುಂದಕ್ಕೆ ತಳ್ಳುವುದು. ಇಬ್ಬರಲ್ಲಿ ಯಾರೂ ಸೋಲುವವರಲ್ಲ. ನಡುವೆ ಸಿಕ್ಕಿಕೊಂಡವಳು ನಾನು.

"ಯಾಕತ್ತೆ? ಅದು ನಮ್ಮ ಮನೆ ಗಡಿಯಾರ ಅಲ್ಲ, ಆಫೀಸಿಂದು."

"ಆಫೀಸಿಂದು ಅಂತಾನೇ ಮುಟ್ಟಿದ್ದು ಕಣೇ. ಮಗು ಪಾಪ ದಿನಾ ಅಮ್ಮ ಲೇಟು ಅಂತ ಬಾಗಿಲಲ್ಲಿ ನಿಂತು ಕಣ್ಣಲ್ಲಿ ನೀರು ಹಾಕ್ಕೊಳ್ಳತ್ತೆ. ನೀನು ಬರೋ ಹೊತ್ತಿಗೆ ಒರೆಸ್ಕೊಂಡು ಮುಖ ಊದಿಸತ್ತೆ, ನಿಂಗೆ ಅಷ್ಟೇ ಕಾಣೋದು. ನೀನು ಆಫೀಸಲ್ಲಿ ಈ ಪೆಟ್ಟಿಗೆ ನೋಡ್ಕೊಂಡೇ ತಾನೇ ಕೂತಿರ್ತೀಯ? ಇದು ಹತ್ತು ನಿಮಿಷ ಮುಂದಿದ್ರೆ ನೀನೂ ಹತ್ತು ನಿಮಿಷ ಮುಂಚೆ ಎದ್ದು ಬರ್ತೀಯ ಅಂತ. ನಿಮ್ಮ ಮಾವನ್ನ ಹಾಗೇ ಅಲ್ವಾ ನಾನು ಗೇಟಿಗೆ ಮುಟ್ಟಿಸಿದ್ದು?"

ಮಸೆದು ತಂದಿದ್ದ ಭಾಷಣವೆಲ್ಲ ಗಂಟಲಲ್ಲೇ ಕರಗಿಹೋಯಿತು. ನನಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಈ ಹೆಂಗಸು ನನ್ನನ್ನು ಮಗಳ ಹತ್ತಿರ ಬೇಗ ತರಲು ಮಾಡಿದ ಉಪಾಯ ನನ್ನನ್ನು ಮತ್ತೆ ಕತ್ತಲಿನ ಬಸ್ಸಿಗೆ ಹತ್ತಿಸುವುದರಲ್ಲಿತ್ತು. ಕುರ್ಚಿಯಲ್ಲಿ ಕೂತು ಎಲ್ಲವನ್ನೂ ಹೇಳಿದೆ, ಸರ್ವರು, ಅದರ ಅನುಮಾನ, ಮೈಲಾಪುರ, ಎಲ್ಲ. ಅತ್ತೆಯ ಮುಖ ಇಳಿದುಹೋಯಿತು.

ಪೇಪರಿನ ಹಿಂದಿನಿಂದ ಮಾವ ಮಾತಾಡಿದರು. "ಲೇಟಾಗಿ ಬಂದೋನಿಗೆ ಗೇಟು ಹಾಕೋದು ನಾನು ಕಂಡಿದೀನಿ. ಮುಂಚೆ ಬಂದೋನಿಗೂ ಹಾಕ್ತಾರಾ?"

"ಹಾಕ್ತಾರಂತೆ ಮಾವ. ಆದ್ರೆ ನಾನು ಲೇಟಾಗಿ ಬಂದೇ ಇಲ್ವಲ್ಲ. ಏಳರ ಒಳಗೆ ಬರ್ತೀನಿ ಅಂದಿದ್ದೆ, ಒಂದು ದಿನಾನೂ ತಪ್ಪಿಲ್ಲ. ಇವಳ್ಯಾಕೆ ಲೇಟು ಅಂತಾಳೆ?"

ಕೃತಿಗೆ ರೋಷ ಬಂತು. ಅವಳು ನಡುಮನೆಯ ಗೋಡೆಯ ಕೆಳಗೆ ಹೋಗಿ ನಿಂತು ಬೆರಳು ಮೇಲೆತ್ತಿದಳು. "ಪೊಯ್! ನೀ ವಂದಪ್ಪೋ ಪೆರಿಯ ಮುಳ್ಳು ಒಣ್ಣುಲ ಇರುಂದುದು."

ಸುಳ್ಳಂತೆ. ನಾನು ಬಂದಾಗ ದೊಡ್ಡ ಮುಳ್ಳು ಒಂದರ ಮೇಲಿತ್ತಂತೆ, ಅಂದರೆ ಏಳು ದಾಟಿ ಐದು ನಿಮಿಷ. ನಾನು ಎಷ್ಟೋ ವರ್ಷಗಳ ಮೇಲೆ ಆ ಗಡಿಯಾರವನ್ನು ಅದು ಹೇಳುವುದು ನಿಜವೆಂಬಂತೆ ನೋಡಿದೆ. ಮನೆಯಲ್ಲಿ ಎಲ್ಲರೂ ಹತ್ತು ಕಳೆಯುತ್ತಿದ್ದೆವು, ಉಸಿರಾಡಿದಷ್ಟು ಸಲೀಸಾಗಿ. ಕೃತಿಗೆ ಮಾತ್ರ ಯಾರೂ ಹೇಳಿರಲಿಲ್ಲ. ಹೇಳಬೇಕೆಂದು ನಮಗೆ ತೋಚಿಯೂ ಇರಲಿಲ್ಲ. ಅವಳು ಶಾಲೆಯಲ್ಲಿ ಕಲಿತ ಹಾಗೆ ಮುಳ್ಳು ನೋಡಿದ್ದಳು, ಅಮ್ಮ ಮಾತಿಗೆ ತಪ್ಪುತ್ತಾಳೆಂದು ದಿನಾ ನಂಬಿದ್ದಳು.

ಅತ್ತೆಗೂ ಅದು ಅರ್ಥವಾಯಿತು. ಅವರು ಮೆಲ್ಲಗೆ ಕೂತುಬಿಟ್ಟರು.

"ಹಾಗಾದ್ರೆ ಮಗೂನ ಅಳಿಸಿದ್ದು ನನ್ನ ಗಡಿಯಾರಾನಾ?"

ಇರಲಿ ಬಿಡಿ ಅತ್ತೆ, ಅವಳಿಗೂ ಹತ್ತು ಕಳೆಯುವುದು ಹೇಳಿಕೊಡೋಣ ಎಂದೆ. ಅವರು ಬೇಡವೆಂದು ತಲೆಯಾಡಿಸಿದರು. ಎದ್ದು ಮಾವನಿಗೆ ಹೇಳಿ ಸ್ಟೂಲು ತರಿಸಿದರು. ಮಾವ ಸ್ಟೂಲು ಹಿಡಿದುಕೊಂಡರು, ಅತ್ತೆ ಹತ್ತಿ ಗಡಿಯಾರದ ಗಾಜಿನ ಬಾಗಿಲು ತೆರೆದರು. ಮಾವನ ಮುಖದಲ್ಲಿ ಗಾಬರಿ. "ಏ ತುಂಗಾ, ಹಿಂದಕ್ಕೆ ತಿರುಗಿಸಬೇಡ್ವೇ, ಗಂಟೆ ಹೊಡಿಯೋದು ಕೆಟ್ಟುಹೋಗತ್ತೆ."

"ನಂಗೊತ್ತಿಲ್ವಾ?" ಎಂದರು ಅತ್ತೆ. ಮುಳ್ಳನ್ನು ಮುಟ್ಟಲಿಲ್ಲ. ಬೆರಳಿಟ್ಟು ಲೋಲಕವನ್ನು ನಿಲ್ಲಿಸಿದರು. ಮನೆಯಲ್ಲಿ ಯಾವಾಗಲೂ ಇದ್ದ ಟಿಕ್ ಟಿಕ್ ನಿಂತುಹೋಯಿತು. "ವಿಭಾ, ನಿನ್ನ ಫೋನ್ ತೆಗಿ. ಅದರ ಟೈಮು ಈ ಮುಳ್ಳು ಇದ್ದಲ್ಲಿಗೆ ಬಂದ ಕೂಡಲೇ ಹೇಳು."

ಹೀಗೆ ನಾವು ಹತ್ತು ನಿಮಿಷ ಕಾದೆವು. ಅತ್ತೆ ಸ್ಟೂಲಿನ ಮೇಲೇ ಕೂತರು. ಮಾವ ಪೇಪರ್ ಮಡಿಸಿಟ್ಟರು. ಕೃತಿ ನನ್ನ ತೊಡೆಯ ಮೇಲೆ ಕೂತು, ಗಡಿಯಾರ ಏಕೆ ನಿಂತಿದೆ ಎಂದು ಕೇಳಿದಳು. ಅಜ್ಜಿಯ ಗಡಿಯಾರ ಮುಂದೆ ಓಡಿಬಿಟ್ಟಿತ್ತು, ಅಮ್ಮ ಬರಲಿ ಅಂತ ಈಗ ನಿಂತು ಕಾಯುತ್ತಿದೆ ಎಂದೆ. ಅವಳು ಆಮೇಲೆ ಶಾಲೆಯಲ್ಲಿ ಯಾರು ಯಾರಿಗೆ ಹೊಡೆದರು, ಯಾರ ಡಬ್ಬಿಯಲ್ಲಿ ಏನಿತ್ತು ಎಂದೆಲ್ಲ ತಮಿಳಿನಲ್ಲಿ ಹೇಳತೊಡಗಿದಳು. ಬೇರೆ ದಿನ ನಾನು ಇದನ್ನೆಲ್ಲ ಕೈಕಾಲು ತೊಳೆಯುತ್ತಾ, ತಟ್ಟೆ ಹಾಕುತ್ತಾ ಅರ್ಧ ಕೇಳುತ್ತಿದ್ದೆ. ಅಂದು ಮಾಡಲು ಬೇರೆ ಕೆಲಸವಿರಲಿಲ್ಲ, ಪೂರ್ತಿ ಕೇಳಿದೆ. ಫೋನು ಗಡಿಯಾರವನ್ನು ಹಿಡಿಯಿತು. "ಈಗ" ಎಂದೆ. ಅತ್ತೆ ಲೋಲಕವನ್ನು ಮೆಲ್ಲಗೆ ತಳ್ಳಿದರು.

ಅಡುಗೆಮನೆಯ ಗಡಿಯಾರವನ್ನು ಮಾತ್ರ ಮುಟ್ಟಲು ಬಿಡಲಿಲ್ಲ. "ಅದು ನಂದು, ಅದರ ತಂಟೆಗೆ ಬರಬೇಡಿ" ಎಂದರು. ಮರುದಿನ ಮಾವ ಅಭ್ಯಾಸಬಲದಿಂದ ನಡುಮನೆಯ ಗಡಿಯಾರಕ್ಕೆ ಹತ್ತು ಕಳೆದು, ಗೆಳೆಯರ ಜೊತೆ ಹೋಗಬೇಕಿದ್ದ ಸಂಗೀತ ಕಚೇರಿಯಲ್ಲಿ ಮೊದಲು ಹಾಡುವ ವರ್ಣವನ್ನು ತಪ್ಪಿಸಿಕೊಂಡು ಬಂದು ಎರಡು ದಿನ ಗೊಣಗಿದರು.

ಸೋಮವಾರ ಬೆಳಿಗ್ಗೆ ಫೋಲ್ಡರ್ ಒತ್ತಿದ ಕೂಡಲೇ ತೆರೆಯಿತು. ವಿಷ್ಣುತೀರ್ಥರು ಮೈಲಾಪುರಕ್ಕೆ ಫೋನ್ ಮಾಡಿ ಲ್ಯಾಪ್‌ಟಾಪ್ ಕೊಡಲಾಗದು ಎಂದರು. ತಿರುಮಲ ಈಗಲೂ ನನ್ನನ್ನು ಕಂಡಾಗ "ಮನೆ ವಾತಾವರಣ ಹೇಗಿದೆ ಮೇಡಂ?" ಎಂದು ಕೇಳಿ ಏಟು ತಪ್ಪಿಸಿಕೊಂಡು ಓಡುತ್ತಾನೆ.

ಆ ಸಂಜೆ ಎಂದಿನ ಬಸ್ಸಿಗೇ ಬಂದೆ. ಕೃತಿ ಬಾಗಿಲಲ್ಲಿ ನಿಂತಿದ್ದಳು. ನನ್ನನ್ನು ಕಂಡವಳೇ ಮುಖ ಊದಿಸಲು ಹೊರಟು, ತಿರುಗಿ ಗಡಿಯಾರ ನೋಡಿ, ಗಲಿಬಿಲಿಯಾಗಿ ನಿಂತಳು.

"ಅಮ್ಮಾ, ಇನ್ನುಂ ಏಳೇ ಆಗಲೆ. ನೀ ಏನ್ ಸೀಕ್ರಂ ವಂದುಟ್ಟೆ?"

ಇನ್ನೂ ಏಳು ಆಗಿಲ್ಲವಂತೆ, ಬೇಗ ಏಕೆ ಬಂದೆ ಎಂದು ನನ್ನನ್ನು ಕೇಳುತ್ತಿದ್ದಳು. ಅಡುಗೆಮನೆಯಿಂದ ಅತ್ತೆ ಇಣುಕಿ ನೋಡಿ ಒಳಗೆ ಹೋದರು. ನಾನು ಹೆಗಲಿನ ಲ್ಯಾಪ್‌ಟಾಪನ್ನೂ ಇಳಿಸದೆ ಮಗಳನ್ನು ಎತ್ತಿಕೊಂಡೆ.